ಎಡ್ಡಿ ರಾಬಿನ್ಸನ್: 408 ಗೆಲುವುಗಳ ಹಿಂದಿನ ಬದುಕು

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ ತರಬೇತುದಾರರ ಹಿರಿಮೆಯನ್ನು ಗೆಲುವಿನ ಸಂಖ್ಯೆಯಿಂದಲೇ ಅಳೆಯುವ ರೂಢಿಯಿದೆ. ಗ್ರ್ಯಾಂಬ್ಲಿಂಗ್ ಕಾಲೇಜಿನ ಕೋಚ್ ಎಡ್ಡಿ ರಾಬಿನ್ಸನ್ ಅವರನ್ನು 408 ಗೆಲುವುಗಳ ಸರದಾರ ಎಂದಷ್ಟೇ ಪರಿಚಯಿಸಿದರೆ ಅವರಿಗೆ ನ್ಯಾಯ ಸಲ್ಲದು.

ಲೂಸಿಯಾನದ ಗೇಣಿ ರೈತನ ಮಗನಾದ ರಾಬಿನ್ಸನ್, ಪದವಿ ಮುಗಿದ ಮೇಲೂ ಪಶು ಆಹಾರದ ಗಿರಣಿಯಲ್ಲಿ ಗಂಟೆಗೆ 25 ಸೆಂಟ್ ಕೂಲಿಗೆ ದುಡಿಯುತ್ತಿದ್ದವರು. 1941ರಲ್ಲಿ, ಇನ್ನೂ 22ರ ಹರೆಯದಲ್ಲಿದ್ದಾಗ, ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಆ ಪುಟ್ಟ ಕಾಲೇಜಿಗೆ ಕೋಚ್ ಆಗಿ ಬಂದರು. ಸಂಬಳದ ಸಹಾಯಕರಿಲ್ಲದ ಕಾರಣ ಮೈದಾನದ ಹುಲ್ಲು ಕತ್ತರಿಸಿ ಗೆರೆ ಎಳೆಯುವುದೂ, ಆಟಗಾರರ ಕಾಲಿಗೆ ಪಟ್ಟಿ ಸುತ್ತುವುದೂ ಅವರದೇ ಕೆಲಸವಾಗಿತ್ತು. ಪಂದ್ಯದ ವರದಿಯನ್ನೂ ತಾವೇ ಬರೆದು ಪತ್ರಿಕೆಗಳಿಗೆ ಕಳುಹಿಸುತ್ತಿದ್ದರು. ವರ್ಣಭೇದದ ಆ ದಿನಗಳಲ್ಲಿ ದಾರಿಯ ಹೋಟೆಲುಗಳು ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲವಾದ್ದರಿಂದ, ಪರಸ್ಥಳದ ಪಂದ್ಯಗಳಿಗೆ ಹೊರಡುವಾಗ ತಂಡಕ್ಕೆ ಬೇಕಾದ ಸ್ಯಾಂಡ್‌ವಿಚ್‌ಗಳನ್ನು ತಾವೇ ಸಿದ್ಧಪಡಿಸುತ್ತಿದ್ದರು. ಇಂಥ ಸ್ಥಿತಿಯಲ್ಲೇ 1942ರಲ್ಲಿ ಅವರ ತಂಡ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡದೆ ಒಂಬತ್ತಕ್ಕೆ ಒಂಬತ್ತೂ ಪಂದ್ಯಗಳನ್ನು ಗೆದ್ದಿತು. ಬೆಳಿಗ್ಗೆ ಹಾಸ್ಟೆಲಿನಲ್ಲಿ ದನದ ಕೊರಳಿನ ಗಂಟೆ ಬಾರಿಸಿ ಹುಡುಗರನ್ನೆಬ್ಬಿಸಿ ತರಗತಿಗೆ ಅಟ್ಟುತ್ತಿದ್ದ ಮೇಷ್ಟರು ಅವರು ಎಂಬುದನ್ನೂ ಮರೆಯಬಾರದು.

1985ರಲ್ಲಿ ಅವರು ಅಲಬಾಮ ವಿಶ್ವವಿದ್ಯಾಲಯದ ಕೋಚ್ ಬೇರ್ ಬ್ರಯಂಟ್ ಅವರ 323 ಗೆಲುವುಗಳ ದಾಖಲೆ ದಾಟಿದಾಗ, ಗ್ರ್ಯಾಂಬ್ಲಿಂಗ್‌ನ ಎದುರಾಳಿಗಳು ದುರ್ಬಲರೆಂಬ ಆಕ್ಷೇಪ ಕೇಳಿಬಂತು. ಈ ವಾದ ನನಗೆ ಒಪ್ಪಿಗೆಯಿಲ್ಲ. ವರ್ಣಭೇದದ ಕಾಲದಲ್ಲಿ ಎದುರಾಳಿಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ರಾಬಿನ್ಸನ್ ಅವರಿಗೆ ಎಲ್ಲಿತ್ತು? ಬ್ರಯಂಟ್ ಅವರ ಮುಖ್ಯ ತಂಡದಲ್ಲಿ ಕಪ್ಪು ಆಟಗಾರರು ಕಣಕ್ಕಿಳಿದದ್ದೇ 1971ರಲ್ಲಿ. ಅಷ್ಟರಲ್ಲಾಗಲೇ ರಾಬಿನ್ಸನ್ ಮೂರು ದಶಕ ದುಡಿದಿದ್ದರು. ಅವರ ಗರಡಿಯ ಟ್ಯಾಂಕ್ ಯಂಗರ್ 1949ರಲ್ಲೇ ವೃತ್ತಿಪರ ಲೀಗ್ ಸೇರಿಯಾಗಿತ್ತು. ಮುಂದೆ ಅವರ ಇನ್ನೊಬ್ಬ ಶಿಷ್ಯ ಡಗ್ ವಿಲಿಯಮ್ಸ್, 1988ರಲ್ಲಿ ವೃತ್ತಿಪರ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ) ಎನಿಸಿಕೊಂಡರು. ರಾಬಿನ್ಸನ್ ಅವರ ಕೈಯಲ್ಲಿ ಪಳಗಿ ವೃತ್ತಿಪರ ತಂಡಗಳಿಗೆ ಹೋದವರು 200ಕ್ಕೂ ಹೆಚ್ಚು.

ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆದ ಮೇಲೆ ಪ್ರತಿಭಾವಂತ ಕಪ್ಪು ಹುಡುಗರು ಸಹಜವಾಗಿಯೇ ಅತ್ತ ನಡೆದರು. ರಾಬಿನ್ಸನ್ ಅವರ ಕಡೆಯ ಮೂರೂ ಋತುಗಳಲ್ಲಿ ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚಾಯಿತು. ಆ ಸೋಲುಗಳನ್ನು ಮುಂದಿಟ್ಟುಕೊಂಡು ಅವರ ನಿರ್ಗಮನಕ್ಕೆ ಒತ್ತಡ ಹೇರಲಾಯಿತು. 1997ರಲ್ಲಿ ಅವರು ನಿವೃತ್ತರಾದರು. ಅದೇ ಕಾಲೇಜಿಗೆ ಐವತ್ತಕ್ಕೂ ಹೆಚ್ಚು ವರ್ಷ ದುಡಿದ ವ್ಯಕ್ತಿಯನ್ನು ಇನ್ನಷ್ಟು ಗೌರವದಿಂದ ಬೀಳ್ಕೊಡಬಹುದಿತ್ತು.

– ಓರ್ವ ಓದುಗ