ಉಪ್ಪು ತೊಳೆದರೆ ಹೋಗುತ್ತದೆ, ತಾಮ್ರ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಸಮುದ್ರದ ಮೀನು ಸಾಕಲು ಹೊರಟು ಕೈಸೋತವರು ಟ್ಯಾಂಕು, ಪಂಪು, ಲೈಟು ಎಲ್ಲವನ್ನೂ ಒಟ್ಟಿಗೇ ಅಗ್ಗಕ್ಕೆ ಕೊಟ್ಟುಬಿಡುವುದುಂಟು. ಅದನ್ನು ಸಿಹಿನೀರಿನ ಮೀನಿಗೆ ಬಳಸಬೇಕೆನ್ನುವವರು ಉಪ್ಪಿಗೆ ಹೆದರುತ್ತಾರೆ. ಉಪ್ಪು ನೀರಿನಲ್ಲಿ ಕರಗುವ ವಸ್ತು, ಅದರ ಚಿಂತೆ ಬೇಡ. ಮಾರುವವರನ್ನು ಕೇಳಬೇಕಾದ್ದು ಬೇರೆಯೇ ಇದೆ: ಈ ಟ್ಯಾಂಕಿಗೆ ಎಂದಾದರೂ ತಾಮ್ರದ ಔಷಧಿ ಹಾಕಿದ್ದಿರಾ?

ಬಿಳಿಚುಕ್ಕೆ ರೋಗಕ್ಕೆಂದು ಸಮುದ್ರ ಮೀನಿನ ನೀರಿನಲ್ಲಿ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂನಷ್ಟು ತಾಮ್ರವನ್ನು ವಾರಗಟ್ಟಲೆ ಉಳಿಸಿಕೊಳ್ಳುತ್ತಾರೆ. ಸುಣ್ಣದ ಅಂಶವಿರುವ ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ. ನಮ್ಮ ಚಿರೇಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ ಗುಣದ್ದು. ಅಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಮೀನು ತಡೆದುಕೊಂಡರೂ ಸಿಗಡಿ, ಬಸವನಹುಳು ಉಳಿಯುವುದಿಲ್ಲ. ಉತ್ತರ ‘ಹೌದು’ ಅಥವಾ ‘ನೆನಪಿಲ್ಲ’ ಎಂದಾದರೆ ಕಲ್ಲು, ಮರಳು ಬೇಡವೇ ಬೇಡ. ಗಾಜನ್ನೂ ಪಂಪನ್ನೂ ತೊಳೆದು, ಒಂದು ವಾರ ನೀರು ತುಂಬಿಟ್ಟು, ತಾಮ್ರದ ಟೆಸ್ಟ್ ಕಿಟ್‌ನಲ್ಲಿ ನೋಡಿಯೇ ಮುಂದುವರಿಯಬೇಕು.

ತಾಮ್ರ ಇಲ್ಲದಿದ್ದರೂ ಹವಳದ ಮರಳು ನೀರಿನ ಗಡಸುತನವನ್ನೂ ಪಿಎಚ್ ಅನ್ನೂ ಏರಿಸುತ್ತದೆ. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಅದು ಒಳ್ಳೆಯದೇ. ಮೆದು ನೀರು ಬಯಸುವ ನಿಯಾನ್ ಟೆಟ್ರಾ ಮೀನಿಗೆ ಅಲ್ಲ. ಇನ್ನು ಅಲಂಕಾರಕ್ಕೆಂದು ಜೊತೆಗೆ ಬರುವ ನಿಜವಾದ ಹವಳದ ತುಂಡುಗಳು: ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅತಿ ಹೆಚ್ಚಿನ ರಕ್ಷಣೆಯ ಮೊದಲ ಅನುಸೂಚಿಯಲ್ಲಿವೆ. ಸತ್ತದ್ದಾದರೂ ಮುಟ್ಟಬೇಡಿ.

ತೊಳೆಯುವುದು ಹೀಗೆ. ಎಲ್ಲವನ್ನೂ ಒಂದು ದಿನ ಸಿಹಿನೀರಿನಲ್ಲಿ ನೆನೆಸಿ, ಒಂದೆರಡು ಸಲ ನೀರು ಬದಲಿಸಿ. ಆಗಲೂ ಬಿಡದ ಬಿಳಿ ಹಕ್ಕಳೆ ಉಪ್ಪಲ್ಲ, ಸುಣ್ಣ. ನೇರಳೆ ಬಣ್ಣದ್ದು ಸುಣ್ಣ ಕಟ್ಟಿದ ಪಾಚಿ. ಅಡುಗೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ರಾತ್ರಿಯಿಡೀ ಇಟ್ಟರೆ ಎರಡೂ ಸಡಿಲವಾಗುತ್ತವೆ. ಪಂಪಿನ ಮುಚ್ಚಳ ಬಿಚ್ಚಿ, ಒಳಗೆ ತಿರುಗುವ ಇಂಪೆಲ್ಲರ್ ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಅದರ ಅಯಸ್ಕಾಂತ ಉಬ್ಬಿದ್ದರೆ, ಮೇಲಿನ ಲೇಪ ಒಡೆದು ತುಕ್ಕು ಕಂಡರೆ ಎಸೆಯಿರಿ. ವಿನೆಗರ್ ಬಳಸಿದಲ್ಲಿ ಬ್ಲೀಚಿಂಗ್ ಪುಡಿ ಸೇರಿಸಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಕೊನೆಗೆ ಬಾವಿ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಒಟ್ಟು ಪ್ರಮಾಣ) ಅಳೆದು ಬರೆದಿಟ್ಟುಕೊಂಡು, ಅದೇ ನೀರಿನಲ್ಲಿ ಸಾಮಾನನ್ನು ರಾತ್ರಿಯಿಡೀ ಮುಳುಗಿಸಿ ಮತ್ತೆ ಅಳೆಯಿರಿ. ಏರಿದ್ದರೆ ಇನ್ನೊಂದು ಸುತ್ತು. ನದಿ ಸಮುದ್ರ ಸೇರುವ ಆಸುಪಾಸಿನ ಬಾವಿಗಳಲ್ಲಿ ಬೇಸಿಗೆಗೆ ನೀರೇ ಉಪ್ಪಾಗುವುದರಿಂದ ಮೊದಲಿನ ಅಳತೆ ಇಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲ.

ಖಾಲಿ ಬಿದ್ದಿದ್ದ ಟ್ಯಾಂಕಿನ ಸಿಲಿಕೋನ್ ಅಂಚು ಬಿಟ್ಟಿರಬಹುದು. ಅಂಗಳದಲ್ಲಿ ಸಮತಟ್ಟಾದ ಜಾಗಕ್ಕೆ ಥರ್ಮಾಕೋಲ್ ಹಾಸಿ, ನೀರು ತುಂಬಿ ಎರಡು ದಿನ ಬಿಡಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕು ಹಿಡಿಯುವುದು ಸುಮಾರು 190 ಲೀಟರ್. ತುಂಬಿದ ಮೇಲೆ ಜರುಗಿಸುವ ಮಾತಿಲ್ಲ. ಸೋರಿದರೆ ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರಾ ಕೆರೆಯಬೇಕು, ಹೊಸದು ಹಳೆಯದರ ಮೇಲೆ ಗಟ್ಟಿಯಾಗಿ ಅಂಟುವುದಿಲ್ಲ. ಬಚ್ಚಲಿಗೆ ಬಳಸುವ ಬೂಸು ತಡೆಯುವ ಸಿಲಿಕೋನ್ ಬೇಡ, ಅದರಲ್ಲಿರುವ ರಾಸಾಯನಿಕ ಮೀನಿಗೆ ವಿಷ.

ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್‌ಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಉಪ್ಪು ನೀರಿನಲ್ಲಿ ಗುಳ್ಳೆಗಳು ಸಣ್ಣದಾಗಿಯೇ ಉಳಿದು ಕೊಳೆ ಹೊತ್ತು ಮೇಲೇರುತ್ತವೆ. ಸಿಹಿನೀರಿನಲ್ಲಿ ಒಂದಕ್ಕೊಂದು ಕೂಡಿ ದೊಡ್ಡದಾಗಿ ಒಡೆದುಹೋಗುತ್ತವೆ, ನೊರೆಯೇ ನಿಲ್ಲುವುದಿಲ್ಲ. ನೀರಿನಲ್ಲಿ ಜೋರು ಸೆಳೆತ ಎಬ್ಬಿಸುವ ವೇವ್‌ಮೇಕರ್ ಕೂಡ ಹೆಚ್ಚಿನವರಿಗೆ ದಂಡವೇ. ಹವಳಕ್ಕೆ ಬೇಕಾದ ಆ ಸೆಳೆತದಲ್ಲಿ ಏಂಜೆಲ್ ಮೀನು ಮೂಲೆ ಹಿಡಿದು ಕೂರುತ್ತದೆ. ಗಂಟೆಗೆ ಟ್ಯಾಂಕಿನ ನೀರನ್ನು ನಾಲ್ಕರಿಂದ ಆರು ಸಲ ತಿರುಗಿಸುವ ಪಂಪ್ ಸಾಕು. ನೀಲಿ ಎಲ್‌ಇಡಿಯನ್ನು ತಗ್ಗಿಸಿ ಬಿಳಿಯನ್ನು ಏರಿಸಲು ಬರುವ ಲೈಟಾದರೆ ಗಿಡಗಳಿಗೂ ಆಗುತ್ತದೆ. ಬರೀ ನೀಲಿಯದಾದರೆ ಬೇಡ. ಹೀಟರ್ ಕಾರವಾರದಲ್ಲಿ ಅಷ್ಟಾಗಿ ಬೇಕಿಲ್ಲ, ಶಿರಸಿಯ ಡಿಸೆಂಬರ್–ಜನವರಿಯ ರಾತ್ರಿಗಳಿಗೆ ಬೇಕು.

ಹಳೆಯ ಫಿಲ್ಟರಿನ ಸೆರಾಮಿಕ್ ಉಂಗುರಗಳನ್ನು ತೊಳೆದು ಬಳಸಬಹುದು. ಆದರೆ ಅಮೋನಿಯಾವನ್ನು ತೆಗೆಯುವ ‘ಬ್ಯಾಕ್ಟೀರಿಯಾ ಸಮೇತ ಇದೆ’ ಎಂಬ ಮಾತನ್ನು ನಂಬಬೇಡಿ. ಉಪ್ಪು ನೀರಿನಲ್ಲಿ ಬೆಳೆದವು ಸಿಹಿನೀರಿಗೆ ಬಿದ್ದರೆ ಸಾಯುತ್ತವೆ, ಸತ್ತು ಕೊಳೆತು ಅಮೋನಿಯಾ ಆಗುತ್ತವೆ. ಹೊಸ ಟ್ಯಾಂಕಿನಂತೆಯೇ, ಹೊಸ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಕಾಯಬೇಕು; ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು.

ಉಪ್ಪು ನಿಜಕ್ಕೂ ಕಾಡುವುದು ಕರೆಂಟಿನ ಕಡೆ. ಪ್ಲಗ್, ಅಡಾಪ್ಟರ್ ಒಳಗೆ ಕೂತ ಉಪ್ಪಿನ ಪುಡಿ ನಮ್ಮ ಮಳೆಗಾಲದ ತೇವ ಎಳೆದುಕೊಂಡು ಒದ್ದೆಯಾಗುತ್ತದೆ, ಬೇಸಿಗೆಯಲ್ಲಿ ಸರಿಯಿದ್ದ ಪಂಪು ಜುಲೈಯಲ್ಲಿ ಶಾಕ್ ಹೊಡೆಯುತ್ತದೆ. ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಪ್ಲಗ್ ಬದಲಿಸಿ, ವೈರಿನ ಹೊದಿಕೆ ಸೀಳಿದ್ದರೆ ಪಂಪನ್ನೇ ಬಿಡಿ. ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದ ಲೈನಿಗೆ ಇವನ್ನು ಜೋಡಿಸಬೇಡಿ. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

– ಅಲಂಕಾರಿಕ ಮೀನು ಸಾಕಣೆಯ ಹವ್ಯಾಸಿಗಳು, ಕಾರವಾರ