ಸ್ಟಿಕ್ಕರ್ ಯಾವುದಕ್ಕೆ, ಎಷ್ಟು ದಿನ?

ಮಾನ್ಯ ಸಂಪಾದಕರೇ,

ಶಾಲಾ ಪ್ರಾರಂಭೋತ್ಸವದ ಹೊತ್ತಿಗೆ ನೋಟ್‌ಬುಕ್, ಬ್ಯಾಗು, ಕೊಡೆ ಕೊಡುತ್ತಿದ್ದ ದಾನಿಗಳು ಈಚೆಗೆ ಸ್ಟಿಕ್ಕರ್ ಕಟ್ಟುಗಳನ್ನೂ ಸೇರಿಸಿ ಕೊಡುತ್ತಿದ್ದಾರೆ. ಬಂಗಾರ ಬಣ್ಣದ ನಕ್ಷತ್ರ, ನಗುಮುಖ, ‘ವೆರಿ ಗುಡ್’ ಎಂದು ಬರೆದ ಗುಂಡನೆಯ ಚೀಟಿ. ಮಕ್ಕಳಿಗೆ ಇಷ್ಟ, ಕೊಡುವವರಿಗೂ ಖುಷಿ. ಬೆತ್ತ ಇದ್ದ ಕೈಗೆ ನಕ್ಷತ್ರ ಬಂದರೆ ಬೇಡ ಎನ್ನುವವರು ಯಾರು? ಆದರೆ ಅದನ್ನು ಎಲ್ಲಿ, ಯಾವುದಕ್ಕೆ, ಎಷ್ಟು ದಿನ ಅಂಟಿಸಬೇಕು ಎನ್ನುವುದನ್ನು ಕಟ್ಟಿನ ಮೇಲೆ ಯಾರೂ ಬರೆದಿರುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಂತೂ ಈ ಪ್ರಶ್ನೆಗಳಿಗೆ ಉತ್ತರ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ನಮ್ಮ ಅಭಿಪ್ರಾಯ ಇಷ್ಟು: ಬೇಸರ ಹುಟ್ಟಿಸುವ ಅಭ್ಯಾಸವೊಂದನ್ನು ಶುರುಮಾಡಿಸಲು ಸ್ಟಿಕ್ಕರ್ ಉಪಯೋಗಕ್ಕೆ ಬರುತ್ತದೆ, ಅದೂ ನಾಲ್ಕು ವಾರದ ಮಟ್ಟಿಗೆ. ಮಗು ತಾನಾಗಿಯೇ ಮಾಡುವ ಕೆಲಸಕ್ಕೆ ಅದನ್ನು ತಾಗಿಸಲೇಬಾರದು.

ಎರಡನೆಯ ಮಾತಿಗೆ ಹಳೆಯ ಆಧಾರವಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಬರೆದರೆ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿಪತ್ರ ಸಿಗುತ್ತದೆ’ ಎಂದು ಮೊದಲೇ ಹೇಳಿದರು. ಎರಡನೆಯದಕ್ಕೆ ಹೇಳದೆ, ಬರೆದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಕಳೆದು ಅದೇ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟು ನೋಡಿದರೆ, ಆಸೆ ತೋರಿಸಿ ಬರೆಸಿದ ಗುಂಪಿನ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಕೊಟ್ಟ ಗುಂಪಿನ ಆಸಕ್ತಿ ಕುಗ್ಗಲಿಲ್ಲ. ಇಂಥ 128 ಪ್ರಯೋಗಗಳನ್ನು ಒಟ್ಟುಗೂಡಿಸಿ 1999ರಲ್ಲಿ ನೋಡಿದಾಗಲೂ, ಮೊದಲೇ ಮಾತು ಕೊಟ್ಟು ಕೈಗಿಡುವ ಬಹುಮಾನ ಆಸಕ್ತಿಯನ್ನು ತಗ್ಗಿಸುತ್ತದೆ, ಈ ಪೆಟ್ಟು ಕಾಲೇಜಿನವರಿಗಿಂತ ಚಿಕ್ಕ ಮಕ್ಕಳಿಗೆ ಹೆಚ್ಚು ಎಂದೇ ಕಂಡಿತು. ಮೊದಲಿಂದಲೂ ನೀರಸವಾಗಿದ್ದ ಕೆಲಸದಲ್ಲಿ ಮಾತ್ರ ಆ ನಷ್ಟ ಕಾಣಲಿಲ್ಲ. ಈ ವಿಷಯದಲ್ಲಿ ಸಂಶೋಧಕರು ಬಹಳ ಜಗಳವಾಡಿದ್ದಾರೆ, ಬಹುಮಾನದಿಂದ ಅಂಥ ಹಾನಿಯೇನಿಲ್ಲ ಎನ್ನುವವರೂ ಇದ್ದಾರೆ. ಆದರೂ ತರಗತಿಗೆ ಬೇಕಾದ ಗೆರೆ ಇಲ್ಲಿ ಸಿಗುತ್ತದೆ. ಕಥೆ ಓದುವುದು, ಚಿತ್ರ, ಹಾಡು, ಪ್ರಶ್ನೆ ಕೇಳುವುದು ಇವಕ್ಕೆ ಸ್ಟಿಕ್ಕರ್ ಬೇಡ. ಮಗ್ಗಿ, ಒತ್ತಕ್ಷರದ ಕಾಪಿ ಬರಹ, ಬೋರ್ಡಿನಿಂದ ಬರೆದುಕೊಳ್ಳುವುದು, ಕುಳಿತ ಕೂಡಲೇ ಕೆಲಸ ಶುರುಮಾಡುವುದು ಇವಕ್ಕೆ ಬೇಕಾದರೆ ಬಳಸಬಹುದು.

ಹೇಗೆ ಎನ್ನುವುದಕ್ಕೆ ಬರೋಣ. ಸ್ಟಿಕ್ಕರ್ ಕೊಡಲು ಶುರುಮಾಡುವ ಹಿಂದಿನ ವಾರ ಕಟ್ಟು ಬಿಚ್ಚಲೇಬೇಡಿ, ಯಾವ ಮಗು ಎಷ್ಟು ಮಾಡುತ್ತದೆ ಎಂದು ಬರೀ ಎಣಿಸಿ. ಮೂರನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಐದು ಸಾಲು ಬರೆದು ಹದಿನೈದು ನಿಮಿಷ ಕೊಟ್ಟರೆ ಒಬ್ಬ ಐದನ್ನೂ ಬರೆಯುತ್ತಾನೆ, ಇನ್ನೊಬ್ಬಳು ಒಂದೂವರೆಗೆ ನಿಲ್ಲಿಸುತ್ತಾಳೆ. ಎಲ್ಲರಿಗೂ ‘ಐದು ಸಾಲಿಗೆ ಒಂದು ಸ್ಟಾರ್’ ಎಂದರೆ ಮೊದಲನೆಯವನಿಗೆ ಪುಕ್ಕಟೆ ಸಿಕ್ಕಂತಾಯಿತು, ಎರಡನೆಯವಳಿಗೆ ಎಂದೂ ಸಿಗುವುದಿಲ್ಲ. ಅವಳ ಗುರಿ ಎರಡು ಸಾಲು ಇರಲಿ, ಮುಂದಿನ ವಾರ ಮೂರು. ಅವನಿಗೆ ಸಾಲಿನ ಲೆಕ್ಕ ಬಿಟ್ಟು ಒತ್ತಕ್ಷರ ತಪ್ಪದೆ ಬರೆಯುವ ಗುರಿ ಕೊಡಿ. ಮೊದಲ ಎರಡು ದಿನದೊಳಗೆ ಪ್ರತಿ ಮಗುವಿಗೂ ಒಂದಾದರೂ ಸಿಗಬೇಕು. ಮೂರು ದಿನ ಕಳೆದರೂ ಸಿಗದ ಮಗು ಇದ್ದರೆ ಗುರಿ ದೊಡ್ಡದಾಯಿತು ಎಂದರ್ಥ, ಅರ್ಧಕ್ಕೆ ಇಳಿಸಿ. ಮಗು ಸೋಮಾರಿ ಎಂದು ಷರಾ ಬರೆಯುವ ಮೊದಲು ಕಣ್ಣು ಸರಿಯಾಗಿ ಕಾಣುತ್ತದೆಯೇ, ಮಳೆಗಾಲದ ಮಬ್ಬಿನಲ್ಲಿ ಹಿಂದಿನ ಬೆಂಚಿಗೆ ಬೋರ್ಡು ಕಾಣುತ್ತದೆಯೇ ಎಂದೂ ನೋಡಿ. ಕರೆಂಟು ಹೋದ ಜುಲೈ ಮಧ್ಯಾಹ್ನದಲ್ಲಿ ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ.

ಗುರಿ ಒಂದೇ ಇರಲಿ. ‘ಚೆನ್ನಾಗಿ ನಡೆದುಕೊಂಡರೆ ಸ್ಟಾರ್’ ಎಂದರೆ ಮಗುವಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ, ಟೀಚರ್ ಮುಖ ನೋಡಿ ಊಹಿಸಬೇಕಾಗುತ್ತದೆ. ‘ಬೆಲ್ ಆದ ಮೇಲೆ ಎರಡು ನಿಮಿಷದೊಳಗೆ ಪುಸ್ತಕ ತೆಗೆದಿರಬೇಕು’ ಎಂದರೆ ತಿಳಿಯುತ್ತದೆ.

ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಒಳಬದಿಯಲ್ಲಿ ಸ್ಕೇಲ್ ಇಟ್ಟು, ಎರಡು ಸೆಂಟಿಮೀಟರಿನ ಹತ್ತು ಚೌಕ ಗೆರೆ ಹಾಕಿಸಿ. ಸ್ಟಿಕ್ಕರ್ ಕೊಡುವ ಮೊದಲ ವಾರ ಗುರಿ ಮುಟ್ಟಿದಾಗಲೆಲ್ಲ ಒಂದು. ಎರಡನೆಯ ವಾರ ಎರಡು ಸಲಕ್ಕೊಂದು. ಮೂರನೆಯ ವಾರ ಯಾವಾಗ ಬರುತ್ತದೆ ಎಂದು ಹೇಳದೆ ಆಗೊಂದು ಈಗೊಂದು. ನಾಲ್ಕನೆಯ ವಾರ ಬರೀ ಮಾತು. ಹತ್ತು ಚೌಕ ತುಂಬಿದರೆ ಆಟ ಮುಗಿಯಿತು, ಹನ್ನೊಂದನೆಯದು ಇಲ್ಲ ಎಂದು ಮೊದಲ ದಿನವೇ ಹೇಳಿರಬೇಕು. ಈ ಕೊನೆಯ ದಿನಾಂಕವೇ ಬಹಳ ಶಾಲೆಗಳಲ್ಲಿ ಇರುವುದಿಲ್ಲ. ಜೂನ್‌ನಲ್ಲಿ ಶುರುವಾದದ್ದು ದಸರಾ ರಜೆವರೆಗೂ ಎಳೆಯುತ್ತದೆ, ಅಷ್ಟರಲ್ಲಿ ಕಟ್ಟು ಖಾಲಿ. ‘ಇವತ್ತು ಸ್ಟಾರ್ ಇಲ್ವಾ? ಹಂಗಾದ್ರೆ ಬರೆಯಲ್ಲ’ ಎನ್ನುವ ಮಗುವನ್ನು ದೂರಿ ಪ್ರಯೋಜನವಿಲ್ಲ, ಕಲಿಸಿದವರು ನಾವೇ. ಲೆಕ್ಕದಲ್ಲೂ ವ್ಯತ್ಯಾಸವಿದೆ. 24 ಮಕ್ಕಳ ತರಗತಿಗೆ ಹತ್ತು ಚೌಕದ ಪ್ರಕಾರ 240 ಸ್ಟಿಕ್ಕರ್ ಸಾಕು. ದಿನಕ್ಕೊಂದರಂತೆ ಹಂಚಿದರೆ 24 ಶಾಲಾ ದಿನಗಳ ಒಂದೇ ತಿಂಗಳಿಗೆ 576 ಬೇಕು, ಎರಡನೆಯ ವಾರಕ್ಕೇ ಅದಕ್ಕೆ ಬೆಲೆ ಇರುವುದಿಲ್ಲ.

ಅಂಟಿಸುವಾಗ ಜೊತೆಗೆ ಹೇಳುವ ಮಾತು ಸ್ಟಿಕ್ಕರಿಗಿಂತ ಮುಖ್ಯ. ‘ಜಾಣೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ನಿನ್ನೆ ಒತ್ತಕ್ಷರ ಪಕ್ಕದ ಅಕ್ಷರಕ್ಕೆ ತಾಗುತ್ತಿತ್ತು, ಇವತ್ತು ಸರಿಯಾಗಿ ಕೆಳಗೆ ಕೂತಿದೆ’ ಎಂದರೆ ನಾಳೆ ಸ್ಟಿಕ್ಕರ್ ಇಲ್ಲದಿದ್ದರೂ ಮಗು ಅಲ್ಲೇ ನೋಡಿಕೊಳ್ಳುತ್ತದೆ. ಕೆಲಸ ಮುಗಿದ ಕೂಡಲೇ ಹೇಳಬೇಕು. ಶನಿವಾರ ಒಟ್ಟಿಗೆ ಹಂಚಿದರೆ ಒಂದನೆಯ ತರಗತಿಯ ಮಗುವಿಗೆ ಮಂಗಳವಾರದ ಮಗ್ಗಿ ನೆನಪಿರುವುದಿಲ್ಲ. ಹತ್ತು ತುಂಬಿದವರಿಗೆ ಚಾಕಲೇಟು ಬೇಡ, ಮುಂದಿನ ಸಲ ಎರಡು ಕೇಳುತ್ತಾರೆ. ಇವತ್ತಿನ ಕಥೆ ಯಾವುದೆಂದು ಆರಿಸುವುದು, ಬೆಲ್ ಹೊಡೆಯುವುದು, ಆಟದ ಪೀರಿಯಡ್ಡಿನ ಆಟ ಹೇಳುವುದು ಇಂಥವು ಖರ್ಚಿಲ್ಲದೆ ನಡೆಯುತ್ತವೆ.

ಕೊಟ್ಟದ್ದನ್ನು ಕೀಳಬೇಡಿ. ಗಲಾಟೆ ಮಾಡಿದನೆಂದು ಬೆಳಿಗ್ಗೆ ಅಂಟಿಸಿದ್ದನ್ನು ಮಧ್ಯಾಹ್ನ ಕಿತ್ತರೆ, ಬೆಳಿಗ್ಗೆ ಬರೆದ ಸಾಲೂ ಸುಳ್ಳಾದಂತೆ ಮಗುವಿಗೆ ಕಾಣುತ್ತದೆ. ‘ಇಡೀ ತರಗತಿ ಸುಮ್ಮನಿದ್ದರೆ ಎಲ್ಲರಿಗೂ ಒಂದು’ ಎನ್ನುವುದೂ ಚಿಕ್ಕ ಶಾಲೆಯಲ್ಲಿ ಅಪಾಯ. ಎಂಟು ಮಕ್ಕಳಲ್ಲಿ ಒಬ್ಬ ಕೆಡಿಸಿದರೆ ಉಳಿದ ಏಳು ಮಂದಿ ಮನೆಯ ದಾರಿಯುದ್ದಕ್ಕೂ ಅವನನ್ನು ಬಿಡುವುದಿಲ್ಲ.

ಇನ್ನು ಗೋಡೆಯ ಪಟ್ಟಿ. ಹೆಸರುಗಳ ಮುಂದೆ ಸಾಲಾಗಿ ನಕ್ಷತ್ರ ಅಂಟಿಸಿದ ಚಾರ್ಟು ನೋಡಲು ಚೆಂದ, ಶಾಲೆಗೆ ಬಂದ ಅಧಿಕಾರಿಗಳಿಗೂ ಮೆಚ್ಚುಗೆಯಾಗುತ್ತದೆ. ಅದರಲ್ಲಿ ಅತಿ ಉದ್ದದ ಸಾಲು ಪಾಠ ಮೊದಲೇ ಬರುತ್ತಿದ್ದ ಮಗುವಿನದು, ಖಾಲಿ ಸಾಲು ಹಿಂದುಳಿದಿದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿದ್ದ ಮಗುವಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಖಾಲಿ ಸಾಲಿನ ಕೆಳಗೆ ವರ್ಷವಿಡೀ ಕೂರುವುದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಒಮ್ಮೆ ಯೋಚಿಸಲಿ. ಚಟುವಟಿಕೆಯ ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ತರಗತಿಯಲ್ಲಿ, ಮಗು ಎಲ್ಲಿಗೆ ಮುಟ್ಟಿದೆ ಎಂದು ಗುರುತು ಹಾಕುವ ‘ಪ್ರಗತಿ ನೋಟ’ದ ಮೇಲೂ ಸ್ಟಾರ್ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯ ಜೀವವೇ ಪ್ರತಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುವುದು. ಮೆಟ್ಟಿಲಿಗೊಂದು ಸ್ಟಾರ್ ಎಂದ ಕೂಡಲೇ ಮಕ್ಕಳು ನಡುವಿನ ಕಾರ್ಡುಗಳನ್ನು ಹಾರಿಸಿ ಮುಂದಿನ ಮೆಟ್ಟಿಲಿಗೆ ಓಡುತ್ತಾರೆ.

ಎಲ್ಲಕ್ಕಿಂತ ಅನ್ಯಾಯದ್ದು ಹಾಜರಾತಿ ಸ್ಟಾರ್. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಗೆ ಬರುವುದು ಮಗುವಿನ ಮನಸ್ಸೊಂದರಿಂದ ಆಗುವ ಕೆಲಸವಲ್ಲ. ಹಳ್ಳದಾಚೆಯ ಮನೆಯವರು ಕಾಲುಸಂಕದ (ನಡೆದು ದಾಟುವ ಕಿರುಸೇತುವೆ) ಮೇಲೆ ನೀರು ಹತ್ತಿದರೆ ಮಗುವನ್ನು ಕಳಿಸುವುದಿಲ್ಲ, ಕಳಿಸಲೂಬಾರದು. ರಸ್ತೆ ಬದಿಯ ಮಗುವಿಗೆ ಇಪ್ಪತ್ತು ನಕ್ಷತ್ರ, ಹಳ್ಳದಾಚೆಯ ಮಗುವಿಗೆ ಒಂಬತ್ತು ಎಂದಾದರೆ ಆ ಚಾರ್ಟು ಅಳೆದದ್ದು ಹಳ್ಳದ ನೀರನ್ನು. ಅದಕ್ಕಿಂತ ಭಯದ ವಿಷಯ, ನಕ್ಷತ್ರ ತಪ್ಪುತ್ತದೆಂದು ಹಟ ಹಿಡಿದು ಸಂಕ ದಾಟಲು ಹೊರಡುವ ಮಗು. ತಾಲ್ಲೂಕಿಗೆ ರಜೆ ಘೋಷಣೆಯಾಗದ ದಿನವೂ ಒಂದೊಂದು ಕೇರಿಗೆ ದಾರಿ ಇರುವುದಿಲ್ಲ. ಹಾಜರಾತಿ ಸ್ಟಾರನ್ನು ಮಲೆನಾಡಿನ ಶಾಲೆಗಳು ಪೂರ್ತಿ ಕೈಬಿಡಲಿ. ಹೋಂವರ್ಕ್ ಸ್ಟಾರಿನದೂ ಬಹುಮಟ್ಟಿಗೆ ಇದೇ ಕಥೆ. ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ತಿಂಗಳುಗಳಲ್ಲಿ ಮನೆಯವರೆಲ್ಲ ರಾತ್ರಿವರೆಗೆ ಅಡಿಕೆ ಸುಲಿಯುತ್ತ ಕೂತಿರುವಾಗ ಪುಸ್ತಕ ನೋಡುವ ದೊಡ್ಡವರು ಇರುವುದಿಲ್ಲ. ಗುರಿ ಶಾಲೆಯ ಹೊತ್ತಿನೊಳಗೆ ಮುಗಿಯುವಂಥದ್ದಾಗಿರಲಿ.

ವಸ್ತುವಿನ ಬಗ್ಗೆಯೂ ನಾಲ್ಕು ಮಾತು. ಕಾಗದದ ಸ್ಟಿಕ್ಕರ್ ಜಡಿಮಳೆಯ ಥಂಡಿಗೆ ನಿಲ್ಲುವುದಿಲ್ಲ. ಹಾಳೆ ತೇವ ಎಳೆದು ಉಬ್ಬಿದಾಗ ಅಂಚು ಏಳುತ್ತದೆ, ಮಿನುಗುವ ಪದರ ಬೇರೆಯಾಗುತ್ತದೆ, ಕೆಳಗಿನ ಗೋಂದಿಗೆ ಪಕ್ಕದ ಹಾಳೆ ಕಚ್ಚಿಕೊಂಡು ಬಿಡಿಸುವಾಗ ಬರಹವೇ ಹರಿಯುತ್ತದೆ. ಪ್ಲಾಸ್ಟಿಕ್ಕಿನದು ತೇವಕ್ಕೆ ಹೆದರದು, ಆದರೆ ಮಕ್ಕಳು ಅದನ್ನು ಕಿತ್ತು ಬೆಂಚಿಗೋ ಗೆಳೆಯನ ಪುಸ್ತಕಕ್ಕೋ ವರ್ಗಾಯಿಸುತ್ತಾರೆ, ಪೆನ್ಸಿಲ್ ತುಂಡಿಗೆ ವ್ಯಾಪಾರವೂ ನಡೆಯುತ್ತದೆ. ಅರ್ಧ ಸ್ಟಿಕ್ಕರಿನ ಮೇಲೆ, ಅರ್ಧ ಹಾಳೆಯ ಮೇಲೆ ಬರುವಂತೆ ಬಾಲ್‌ಪೆನ್ನಿನಲ್ಲಿ ತಾರೀಖು ಹಾಕಿದರೆ ಈ ವ್ಯಾಪಾರ ನಿಲ್ಲುತ್ತದೆ. ಬೆಂಚಿಗೆ ಕಚ್ಚಿದ ಗೋಂದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ರಬ್ಬರ್ ಸೀಲು ಅಗ್ಗ, ಆದರೆ ಸ್ಟ್ಯಾಂಪ್ ಪ್ಯಾಡಿನ ಸಾಮಾನ್ಯ ಶಾಯಿ ಬ್ಯಾಗು ನೆನೆದರೆ ಹಾಳೆ ತುಂಬ ಹರಡುತ್ತದೆ, ಅದನ್ನು ದಸರಾ ರಜೆಯ ನಂತರಕ್ಕೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ನಾವು ಹೇಳುವುದು ಮೇಣದ ಬಣ್ಣದ ಕಡ್ಡಿ: ಗುರಿ ಮುಟ್ಟಿದ ಮಗು ತಾನೇ ಒಂದು ಚೌಕಕ್ಕೆ ಬಣ್ಣ ತುಂಬಲಿ. ನೀರಿಗೆ ಹೋಗುವುದಿಲ್ಲ, ಕಿತ್ತು ಮಾರಲೂ ಬರುವುದಿಲ್ಲ. ತಾನು ಮಾಡಿದ್ದನ್ನು ತಾನೇ ಗುರುತಿಸುವ ಅಭ್ಯಾಸವೂ ಆಗುತ್ತದೆ.

ತಂದೆತಾಯಿಯರಲ್ಲಿ ಒಂದು ಕೋರಿಕೆ. ಮಗು ಮನೆಗೆ ಬಂದ ಕೂಡಲೇ ‘ಇವತ್ತು ಎಷ್ಟು ಸ್ಟಾರ್? ಪಕ್ಕದ ಮನೆಯವನಿಗೆ ಎಷ್ಟು?’ ಎಂದು ಕೇಳಬೇಡಿ. ಬರೆದ ಪುಟ ತೆಗೆಸಿ, ಓದಿಸಿ.

ದಾನಿಗಳಿಗೆ: ಸ್ಟಿಕ್ಕರಿಗೆ ಇಟ್ಟ ಹಣದಲ್ಲಿ ಮೇಣದ ಬಣ್ಣದ ಪೆಟ್ಟಿಗೆ, ಓದುವ ಮೂಲೆಗೆ ತೆಳ್ಳನೆಯ ಕಥೆಪುಸ್ತಕ ಕೊಡಿ. ಈಗಾಗಲೇ ಕಪಾಟಿನಲ್ಲಿ ಉಳಿದಿರುವ ಕಟ್ಟುಗಳನ್ನು ಎಸೆಯಬೇಕಿಲ್ಲ. ಬಣ್ಣದ ಪ್ರಕಾರ ವಿಂಗಡಿಸಿ ಆ ಕಥೆಪುಸ್ತಕಗಳ ಬೆನ್ನಿಗೆ ಅಂಟಿಸಬಹುದು: ಚಿತ್ರ ಹೆಚ್ಚಿರುವುದಕ್ಕೆ ಹಸಿರು, ಸಣ್ಣ ವಾಕ್ಯದ್ದಕ್ಕೆ ಹಳದಿ, ಉದ್ದ ಕಥೆಗೆ ಕೆಂಪು. ಮೇಲೆ ಪಾರದರ್ಶಕ ಟೇಪ್ ಸುತ್ತಲು ಮರೆಯಬೇಡಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಅದಕ್ಕೂ ಬೂಷ್ಟು ಹಿಡಿಯುತ್ತದೆ.

ಇಂತಿ,
ಇಬ್ಬರು ಪ್ರಾಥಮಿಕ ಶಾಲಾ ಶಿಕ್ಷಕರು,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ