ಮಳೆಗಾಲದ ಹಳೇ ಲೆಕ್ಕದಲ್ಲೇ ಟೆಂಡರ್

ಮಾನ್ಯ ಸಂಪಾದಕರೇ,

ಸರ್ಕಾರಿ ಟೆಂಡರ್‌ಗಳಲ್ಲಿ ಕಾಮಗಾರಿಯ ಅವಧಿಯನ್ನು ‘ಮಳೆಗಾಲ ಸೇರಿ’ ಇಲ್ಲವೇ ‘ಮಳೆಗಾಲ ಬಿಟ್ಟು’ ಎಂದು ನಮೂದಿಸುವ ರೂಢಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಿಕ್ಕಿದ್ದೆಲ್ಲ ಕೆಲಸದ ದಿನ ಎಂಬ ಲೆಕ್ಕ ಅದು. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ಕ್ಕೆ ಕಾಯದೆ ಮೇ 24ಕ್ಕೇ ಕೇರಳ ಮುಟ್ಟಿತು. ಬೆಂಗಳೂರಿನ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಜಲಾವೃತವಾದದ್ದು 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ. ಎರಡೂ ‘ಕೆಲಸದ’ ತಿಂಗಳುಗಳೇ.

ಕಲಬುರಗಿ, ರಾಯಚೂರು ಕಡೆ ತೊಂದರೆ ಬಿಸಿಲಿನದು. ಸುರಿಯುವ ಹೊತ್ತಿಗೆ ಕಾಂಕ್ರೀಟಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎನ್ನುತ್ತದೆ ಬಿಸಿಲಲ್ಲಿ ಕಾಂಕ್ರೀಟ್ ಹಾಕುವುದರ ಭಾರತೀಯ ಮಾನದಂಡ ಐಎಸ್ 7861. ಏಪ್ರಿಲ್ ಮಧ್ಯಾಹ್ನ ಇಲ್ಲಿನ ಗಾಳಿಯೇ ಅದಕ್ಕಿಂತ ಬಿಸಿ. ಕಾಂಕ್ರೀಟಿಗೆ ಅಚ್ಚಾಗಿ ಕೊಡುವ ಸೆಂಟ್ರಿಂಗ್ ಶೀಟು ಮುಟ್ಟುವಂತಿರುವುದಿಲ್ಲ. ಮೇಲಿನ ನೀರು ಆರಿ, ಸ್ಲ್ಯಾಬ್ ಫಿನಿಶ್ ಆದ ಕೆಲವೇ ಗಂಟೆಗಳಲ್ಲಿ ಬಿರುಕು ಬಿಡುತ್ತದೆ. ಮೇಸ್ತ್ರಿಗಳು ಅದರ ಮೇಲೆ ಸಿಮೆಂಟ್ ತಿಳಿ ಎಳೆದು ಮುಚ್ಚುತ್ತಾರೆ, ಬರೀ ಕಣ್ಕಟ್ಟು. ಸೆಟ್ ಆಗುವ ಮುನ್ನವೇ ಮತ್ತೊಮ್ಮೆ ತಟ್ಟಿ, ಒದ್ದೆ ಗೋಣಿ ಹೊದಿಸಬೇಕು. ಜಲ್ಲಿಯನ್ನು ನೆರಳಲ್ಲಿಟ್ಟು, ಶೀಟು, ಕಂಬಿಗಳಿಗೆ ನೀರು ಚಿಮುಕಿಸಿ, ಸಂಜೆ ಮೇಲೆ ಕಾಂಕ್ರೀಟ್ ಹಾಕುವುದೇ ದಾರಿ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನ ನೀರುಣಿಸಿ ಕ್ಯೂರಿಂಗ್ ಮಾಡಬೇಕು, ಬೋರ್‌ವೆಲ್ ಬತ್ತುವುದೂ ಆಗಲೇ. ಆರ್ಥಿಕ ವರ್ಷದ ಕೊನೆಗೆ ಕಾರ್ಯಾದೇಶ ಕೊಟ್ಟರೆ ಸ್ಲ್ಯಾಬ್ ಬೀಳುವುದು ಸರಿಯಾಗಿ ಮೇ ತಿಂಗಳಿಗೆ. ಇಲ್ಲಿ ಸ್ಲ್ಯಾಬ್ ಕೆಲಸ ಫೆಬ್ರುವರಿಯೊಳಗೆ ಮುಗಿಯಬೇಕು.

ಬೆಂಗಳೂರಿನ ಅಕಾಲ ಮಳೆಯಲ್ಲಿ ಕೆಡುವುದು ಮರಳಿನ ಅಳತೆ. ನೆಂದ ಮರಳು ಉಬ್ಬುವುದರಿಂದ ಬಾಕ್ಸಿನಲ್ಲಿ ಅಳೆದರೆ ಮರಳು ಕಡಿಮೆ, ನೀರು ಹೆಚ್ಚು. ಒಂದು ಚೀಲ ಸಿಮೆಂಟಿಗೆ 80 ಕೆ.ಜಿ. ಮರಳು, ಅದರಲ್ಲಿ ಶೇ 5ರಷ್ಟು ತೇವ ಎಂದರೆ 4 ಲೀಟರ್ ನೀರು ಆಗಲೇ ಒಳಗಿದೆ. 25 ಲೀಟರ್ ಬದಲು 21 ಸುರಿದರೆ ಸಾಕು. ಇದನ್ನು ನೋಡುವವರು ಅಪರೂಪ.

ಮಲೆನಾಡಿನಲ್ಲಂತೂ ಗುಡ್ಡ ಕಡಿಯುವುದು, ತಡೆಗೋಡೆ, ಬಸಿಗಾಲುವೆ ಎಲ್ಲ ಏಪ್ರಿಲ್‌ಗೇ ಮುಗಿಯಬೇಕು. ಅರ್ಧ ಕಡಿದು ಬಿಟ್ಟ ದರೆ ಜೋರು ಮಳೆಗೆ ನಿಲ್ಲದು.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಅದೇ ಕಚೇರಿ ಕೊಡುವ ಕಾಮಗಾರಿಗೆ ಮಾತ್ರ ಪೂರ್ತಿ ಹಗಲಿನ ಲೆಕ್ಕ! ಲೋಕೋಪಯೋಗಿ ಇಲಾಖೆಯು ಹವಾಮಾನ ಇಲಾಖೆಯ ಅಂಕಿಅಂಶ ಹಿಡಿದು ಕೆಲಸದ ದಿನಗಳನ್ನು ಜಿಲ್ಲಾವಾರು ನಿಗದಿ ಮಾಡಲಿ. ಬಿಸಿಗಾಳಿ ಎಚ್ಚರಿಕೆ ಇದ್ದ ದಿನಗಳನ್ನೂ ಅವಧಿ ವಿಸ್ತರಣೆಗೆ ಎಣಿಸಿ, ಅಷ್ಟು ದಿನಗಳ ವಿಳಂಬಕ್ಕೆ ದಂಡ ಬಿಡಲಿ.

– ಸಿವಿಲ್ ಎಂಜಿನಿಯರ್, ಕಲಬುರಗಿ